ದಿನಕ್ಕೆ ಎಷ್ಟು

ಅಜ್ಮಾನಿನ ನುವೈಮಿಯಾ, ಮಸೀದಿ ಹಿಂದಿನ ಗಲ್ಲಿ,
ಲಾಂಡ್ರಿಯ ಗಾಜಿನ ಬಾಗಿಲಿಗೆ ಒಳಗಿನಿಂದ ಆವಿ.
ಹದಿನಾಲ್ಕು ವರ್ಷದಿಂದ ಇಲ್ಲೇ ನಿಂತು ಇಸ್ತ್ರಿ ಹಾಕುತ್ತೇನೆ.
ಕಂದೂರಾ ಬಂದರೆ ನೆಮ್ಮದಿ,
ಬಿಳಿಯ ಮೇಲೆ ಬಿಳಿ ಉದುರಿದರೆ ಯಾರಿಗೆ ಗೊತ್ತಾಗಬೇಕು?
ಅಬಾಯ ಬಂದರೆ ಎದೆ ಧಸಕ್ಕೆನ್ನುತ್ತದೆ.
ಹರಡಿದ ಕಪ್ಪಿನ ಮೇಲೆ
ನನ್ನ ಮೊಣಕೈಯಿಂದ ಅವಲಕ್ಕಿ ಪುಡಿ.

ಜೇಬಿನಲ್ಲಿ ಅಂಟಿನ ರೋಲರ್ ಇಟ್ಟುಕೊಂಡಿದ್ದೇನೆ.
ದಿನಕ್ಕೆ ಹತ್ತು ಸಲ
ನನ್ನನ್ನೇ ಉರುಳಿಸಿ ತೆಗೆದು ಬುಟ್ಟಿಗೆ ಹಾಕುತ್ತೇನೆ.

ರೂಮಿನಲ್ಲಿ ಆರು ಜನ.
ಸಿರಿಲ್ ಏನೂ ಕೇಳದೆ ನನ್ನ ಮಂಚದಡಿ ಗುಡಿಸುತ್ತಾನೆ.
ಪರ್ವೇಜ್ ತನ್ನ ಟವೆಲಿಗೆ ಬೇರೆ ಮೊಳೆ ಹೊಡೆದ.
ಅಂಟುವುದಿಲ್ಲ ಮಾರಾಯ, ಅಂದೆ.
ಗೊತ್ತುಂಟು, ಅಂದ.
ಮೊಳೆ ಅಲ್ಲೇ ಉಳಿಯಿತು.

ಕೆರೆತದ ಬಗ್ಗೆ ಹೇಳಬೇಕು.
ಹಿಮ್ಮಡಿಯ ಮೇಲೆ ಸಾಸಿವೆಯಷ್ಟು ಜಾಗದಲ್ಲಿ ಶುರು.
ಒಂದೇ ಸಲ, ಎಂದು ಉಗುರಿಗೆ ಒಪ್ಪಿಗೆ ಕೊಡುತ್ತೇನೆ.
ಆಮೇಲಿನದ್ದು ನನ್ನ ಕೈಯಲ್ಲಿಲ್ಲ.
ಅಲ್ಲ, ಕೈಯಲ್ಲೇ ಇರುವುದು, ಅದೇ ತೊಂದರೆ.
ಆ ಹಿತ!
ಕಣ್ಣು ತಾನಾಗಿ ಮುಚ್ಚಿ, ಕಿವಿಯ ತುದಿಯವರೆಗೆ ಬೆಚ್ಚಗೆ,
ಸಾಲ ನೆನಪಿಲ್ಲ, ವೀಸಾದ ತಾರೀಕು ನೆನಪಿಲ್ಲ,
ನೆನಪಾಗುವಾಗ ಉಗುರಿನ ಸಂದಿಯಲ್ಲಿ ರಕ್ತ.
ಕೆರೆದು ಹುಣ್ಣು ಮಾಡಿಕೊಳ್ಳಬೇಡವಾ, ಎನ್ನುತ್ತಿದ್ದಳು ಅಮ್ಮ.
ಅವಳು ಹೇಳಿದ್ದು ದಾಯಾದಿಗಳ ಜಗಳಕ್ಕೆ.

ಇನ್ನೊಂದೂ ಉಂಟು.
ಕಡಲ ಬದಿಯ ಅಂಗಡಿಯಿಂದ ಕಪ್ಪು ಚೀಲದಲ್ಲಿ ಬರುತ್ತದೆ,
ಕಪಾಟಿನ ಹಿಂದೆ, ಹಳೆಯ ಶೂಗಳ ನಡುವೆ ಇರುತ್ತದೆ.
ಮೊದಲ ಗ್ಲಾಸಿಗೆ ಚರ್ಮ ಸುಮ್ಮನಾಗುತ್ತದೆ,
ಬೆನ್ನು ತಟ್ಟಿದ ಕೂಸಿನ ಹಾಗೆ.
ಮೂರನೆಯದಕ್ಕೆ ಮೈಯೇ ಯಾರದ್ದೋ.
ಬೆಳಿಗ್ಗೆ ಆ ಯಾರದ್ದೋ ಮೈ
ಬಡ್ಡಿ ಸಮೇತ ವಾಪಸು, ಇನ್ನಷ್ಟು ಕೆಂಪು, ಇನ್ನಷ್ಟು ಬಿಸಿ.
ಆ ಕೆಂಪು ಮರೆಯಲು ಸಂಜೆ ಮತ್ತೆ ಶೂಗಳ ಹತ್ತಿರ.
ತುರಿಕೆಗೆ ಕುಡಿದೆನೋ, ಕುಡಿದದ್ದಕ್ಕೆ ತುರಿಸಿತೋ,
ಹಗ್ಗದ ತುದಿ ಹುಡುಕುತ್ತಾ ಎರಡು ವರ್ಷ ರಜೆ ಹಾಕಲಿಲ್ಲ.

ಈ ಸೆಖೆಯಲ್ಲಿ ಉದ್ದ ತೋಳು ಯಾಕೆ, ಎಂದಳು ಹೇಮಲತಾ ವಿಡಿಯೋದಲ್ಲಿ.
ಏಸಿ ಜೋರುಂಟು, ಅಂದೆ.
ಹಣೆಯ ಬೆವರು ಅವಳಿಗೆ ಕಂಡಿರಬೇಕು.
ಮಾತು ಮಗಳ ಫೀಸಿಗೆ ತಿರುಗಿಸಿದಳು.

ಕೊನೆಗೆ ಕ್ಲಿನಿಕ್ಕು. ಈಜಿಪ್ಟಿನ ಡಾಕ್ಟರಮ್ಮ,
ಒಡೆದ ಹಿಂದಿಯಲ್ಲಿ ಮೊಣಕೈ ನೋಡಿದಳು, ಕಣ್ಣು ನೋಡಿದಳು,
ಪೆನ್ನು ತೆರೆದು ಕೇಳಿದಳು: ದಿನಕ್ಕೆ ಎಷ್ಟು?
ನಾನು ಎಣಿಸತೊಡಗಿದೆ.
ಎದ್ದ ಕೂಡಲೇ. ಬಚ್ಚಲಲ್ಲಿ. ಲಿಫ್ಟಿನಲ್ಲಿ ಒಬ್ಬನೇ ಇದ್ದರೆ.
ಗಿರಾಕಿ ಚಿಲ್ಲರೆ ಎಣಿಸುವಾಗ, ಟೇಬಲ್ಲಿನ ಕೆಳಗೆ.
ನಿದ್ದೆಯಲ್ಲಿ ಕೂಡ, ಸಾಕ್ಷಿಗೆ ಹಾಸಿಗೆಯ ಬಟ್ಟೆ.
ಲೆಕ್ಕ ಇಲ್ಲ ಡಾಕ್ಟರ್.

ಪೆನ್ನು ನಿಂತಿತು.
ಅವಳು ಕೇಳಿದ್ದು ಗ್ಲಾಸಿನ ಲೆಕ್ಕ.
ತಿದ್ದಬಹುದಿತ್ತು. ತಿದ್ದಲಿಲ್ಲ.
ತಪ್ಪು ಉತ್ತರ ಹೋಗಿ ಸರಿಯಾದ ಜಾಗದಲ್ಲಿ ಕೂತಿತ್ತು.

ಬೈಯುತ್ತಾಳೆಂದುಕೊಂಡೆ. ಡ್ರಾಯರ್ ಎಳೆದು
ಮಕ್ಕಳ ಉಗುರುಕಟ್ಟರ್ ತೆಗೆದಳು, ಗುಲಾಬಿ ಬಣ್ಣದ್ದು, ಮೇಲೊಂದು ಬೆಕ್ಕು.
ಇಲ್ಲಿಂದ ಶುರು ಮಾಡು, ಅಂದಳು.
ಮುಂದಿನ ವಾರ ಮತ್ತೆ ಬಾ, ಎಷ್ಟು ಎಂದು ಮತ್ತೆ ಕೇಳುತ್ತೇನೆ.

ರಾತ್ರಿ ಪೇಪರ್ ಹಾಸಿ ಕತ್ತರಿಸಿದೆ, ಹತ್ತೂ.
ಪರ್ವೇಜ್ ನೋಡುತ್ತಿದ್ದ. ಪೇಪರನ್ನು ಮಡಚಿ ಅವನೇ ಎಸೆದ.
ಚೀಲ ಇನ್ನೂ ಶೂಗಳ ನಡುವೆ ಉಂಟು,
ಇಲ್ಲವೆಂದರೆ ಸುಳ್ಳಾಗುತ್ತದೆ.

ಬೆಳಿಗ್ಗೆ ಮೊದಲ ಗಂಟಿನಲ್ಲಿ ಅಬಾಯ.
ಹರಡಿದೆ. ಆವಿ ಬಿಟ್ಟೆ.
ಹಿಮ್ಮಡಿ ಕರೆಯಿತು, ಮೊಂಡು ಬೆರಳು ಹೋಗಿ ಸವರಿ ಬಂತು.
ಕಪ್ಪಿನ ಮೇಲೆ ತುಂಬ ಹೊತ್ತು ಏನೂ ಇಲ್ಲ.
ಆಮೇಲೆ ಒಂದು ಬಿತ್ತು, ಚಿಕ್ಕದು.
ಕೆರೆಯದೆ, ತಾನಾಗಿ ಬಿದ್ದದ್ದು.
ರೋಲರ್ ತೆಗೆಯುವ ಮೊದಲು
ಅದನ್ನೇ ಸ್ವಲ್ಪ ನೋಡುತ್ತಾ ನಿಂತೆ.